ಆಟ ಒಂದೇ ಹೆಡ್‌ಸೆಟ್‌ಗೆ ಮೀಸಲು: ಸರಿಯೋ ತಪ್ಪೋ?

ತಲೆಗೆ ಹಾಕಿಕೊಂಡರೆ ಆಟದ ಲೋಕದೊಳಗೇ ಇದ್ದಂತೆ ಕಾಣಿಸುವ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್‌ಗಳ ನಡುವೆ 2016ರಲ್ಲಿ ನಿಜವಾದ ಪೈಪೋಟಿ ಶುರುವಾಯಿತು. ಮಾರ್ಚ್ 28ಕ್ಕೆ ಆಕ್ಯುಲಸ್ ರಿಫ್ಟ್ ಬಂತು. ಏಪ್ರಿಲ್ 5ಕ್ಕೆ ಎಚ್‌ಟಿಸಿ ವೈವ್, ಅಕ್ಟೋಬರ್ 13ಕ್ಕೆ ಸೋನಿಯ ಪ್ಲೇಸ್ಟೇಷನ್ ವಿಆರ್. ಯಾವ ಯಂತ್ರ ಚೆನ್ನಾಗಿದೆ ಎಂಬುದಕ್ಕಿಂತ ದೊಡ್ಡ ಜಗಳ ಆಟಗಳ ಮೇಲೆ ಎದ್ದಿತು. ತಾನು ದುಡ್ಡು ಹಾಕಿ ಮಾಡಿಸಿದ ಆಟಗಳನ್ನು ಆಕ್ಯುಲಸ್ ತನ್ನ ಹೆಡ್‌ಸೆಟ್‌ಗೇ ಮೀಸಲಿಟ್ಟಿತು. ಅದು ಸರಿಯೇ? ಇಬ್ಬರನ್ನು ಬರೆಯಲು ಕೇಳಿದೆವು.

ಪರ: ದುಡ್ಡು ಹಾಕುವವರು ಇಲ್ಲದಿದ್ದರೆ ಆಟವೇ ಇರುತ್ತಿರಲಿಲ್ಲ

ಮೊದಲು ಲೆಕ್ಕ ಮಾತಾಡೋಣ. ರಿಫ್ಟ್‌ಗೆ 599 ಡಾಲರ್, ವೈವ್‌ಗೆ 799. ಅಷ್ಟು ಕೊಟ್ಟು ತಂದರೂ ಪಿಸಿ ಇಲ್ಲದಿದ್ದರೆ ಅದು ಮೂಲೆಯಲ್ಲಿ ಕೂರುವ ಡಬ್ಬಿ. ಆ ಪಿಸಿಯಲ್ಲಿ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್, ಅದೂ ಜಿಟಿಎಕ್ಸ್ 970 ಮಟ್ಟದ್ದು, ಇರಬೇಕು. ಪಿಸಿ ಮತ್ತು ರಿಫ್ಟ್ ಸೇರಿಸಿ ಮಾರಿದ ಜೋಡಿಯ ಬೆಲೆಯೇ 1,499 ಡಾಲರ್‌ನಿಂದ ಶುರುವಾಗುತ್ತಿತ್ತು. ಜಗತ್ತಿನ ಪಿಸಿಗಳಲ್ಲಿ ವಿಆರ್ ಓಡಿಸುವ ತಾಕತ್ತಿರುವುದು ಶೇಕಡಾ 1ಕ್ಕಿಂತ ಕಡಿಮೆ ಎಂದು ಎನ್‌ವಿಡಿಯಾ ಕಂಪನಿಯೇ ಅಂದಾಜು ಮಾಡಿತ್ತು. ಕಾರ್ಡ್ ಮಾರುವವರೇ ಹೀಗಂದರೆ, ಆಟ ಮಾಡುವವನು ಯಾರನ್ನು ನಂಬಿಕೊಂಡು ಕೆಲಸಕ್ಕೆ ಕೂರಬೇಕು?

ಒಂದು ಒಳ್ಳೆಯ ಆಟಕ್ಕೆ ಹತ್ತಾರು ಜನ ವರ್ಷಗಟ್ಟಲೆ ದುಡಿಯಬೇಕು. ಅವರಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಆಟ ಇಲ್ಲದೆ ಜನ ಹೆಡ್‌ಸೆಟ್ ಕೊಳ್ಳಲ್ಲ, ಜನರ ಹತ್ತಿರ ಹೆಡ್‌ಸೆಟ್ ಇಲ್ಲದೆ ಯಾರೂ ಆಟ ಮಾಡಲ್ಲ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ.

ಈ ಗಂಟು ಬಿಚ್ಚಲು ಯಾರೋ ಒಬ್ಬರು ನಷ್ಟಕ್ಕೆ ಸಿದ್ಧವಾಗಿ ದುಡ್ಡು ಹಾಕಬೇಕಿತ್ತು. ಆಕ್ಯುಲಸ್ ಹಾಕಿತು. 2012ರಲ್ಲಿ ಜನರಿಂದ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಎರಡೂವರೆ ಲಕ್ಷ ಡಾಲರ್ ಕೇಳಿ 24 ಲಕ್ಷ ಎತ್ತಿದ ಕಂಪನಿ ಅದು. 2014ರಲ್ಲಿ ಫೇಸ್‌ಬುಕ್ ಅದನ್ನು 200 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಮುಂದೆ 2016ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನ ಜುಕರ್‌ಬರ್ಗ್, ವಿಆರ್ ಆಟಗಳಿಗೂ ಅಂಥ ಬೇರೆ ಸರಕಿಗೂ ಈಗಾಗಲೇ 25 ಕೋಟಿ ಡಾಲರ್ ಹಾಕಿದ್ದೇವೆ, ಇನ್ನೂ ಅಷ್ಟೇ ಹಾಕುತ್ತೇವೆ ಎಂದರು. ಕ್ರೈಟೆಕ್‌ನ 'ದಿ ಕ್ಲೈಂಬ್', ಇನ್ಸಾಮ್ನಿಯಾಕ್‌ನ 'ಎಡ್ಜ್ ಆಫ್ ನೋವೇರ್', ಎಪಿಕ್‌ನ 'ರೋಬೋ ರೀಕಾಲ್', ರೆಡಿ ಅಟ್ ಡಾನ್‌ನ 'ಲೋನ್ ಎಕೋ' ಇವೆಲ್ಲ ಆಕ್ಯುಲಸ್ ದುಡ್ಡು ಹಾಕಿದ ಆಟಗಳು. ಆ ದುಡ್ಡು ಬರದಿದ್ದರೆ ವೈವ್ ಇಟ್ಟುಕೊಂಡವರಿಗೆ ಇವು ಸಿಗುತ್ತಿದ್ದವಾ? ಯಾರಿಗೂ ಸಿಗುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. 'ರೆಸಿಡೆಂಟ್ ಈವಿಲ್ 7' 2017ರ ಜನವರಿಯಲ್ಲಿ ಬಂತು. ಅದನ್ನು ವಿಆರ್‌ನಲ್ಲಿ ಆಡಬೇಕಿದ್ದರೆ ಸೋನಿಯ ಹೆಡ್‌ಸೆಟ್ಟೇ ಬೇಕಿತ್ತು. ಆಗ ಯಾರೂ ಬೀದಿಗೆ ಇಳಿಯಲಿಲ್ಲ. ಸೋನಿ ಮಾಡಿದರೆ ವ್ಯಾಪಾರ, ಆಕ್ಯುಲಸ್ ಮಾಡಿದರೆ ದ್ರೋಹ. ಯಾಕೆ ಹೀಗೆ?

ನಾನು ಇಷ್ಟು ಖಾರವಾಗಿ ಬರೆಯಲು ಕಾರಣ ಇದೆ. ಆ ಕಾಲದಲ್ಲಿ ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಬೇರೆಯವರ ಆಟಗಳಿಗೆ ಮರ, ಕಲ್ಲು, ಗೋಡೆ ಮಾಡಿಕೊಡುವ ಆರ್ಟಿಸ್ಟ್. ಗೆಳೆಯನೊಬ್ಬ ಅಮೆರಿಕದಿಂದ ಬರುವಾಗ ಸೂಟ್‌ಕೇಸ್‌ನಲ್ಲಿ ವೈವ್ ತಂದ. ನಾವು ಕೆಲವರು ಸೇರಿ, ಕೆಲಸ ಮುಗಿದ ಮೇಲೆ ನಮ್ಮದೇ ಆಟ ಶುರು ಮಾಡಿದೆವು. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಇಳಿಸುವ ಆಟ. ಮೇಲಿಂದ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು, ಮಳೆ, ಮಂಜು, ಎದುರಿಗೆ ಬರುವ ವಾಹನಕ್ಕೆ ಜಾಗ ಬಿಡಬೇಕು. ಕಾಗದದ ಮೇಲೆ ಬಹಳ ಚೆಂದ ಇತ್ತು.

ವೈವ್ ಎರಡು ಕಣ್ಣಿಗೂ ಸೇರಿ 2160x1200 ಚುಕ್ಕಿಗಳ ಚಿತ್ರ ಕೇಳುತ್ತದೆ, ಅದೂ ಸೆಕೆಂಡಿಗೆ 90 ಸಲ. ಮಲೆನಾಡಿನ ಕಾಡು ಅಂದರೆ ಎಲೆಗಳೇ ಅಲ್ವಾ? ಎಲೆ ಜಾಸ್ತಿ ಆದಷ್ಟೂ ಫ್ರೇಮ್, ಅಂದರೆ ಸೆಕೆಂಡಿಗೆ ಬರುವ ಚಿತ್ರ, ಕಮ್ಮಿ. ಫ್ರೇಮ್ ಬಿದ್ದರೆ ಹೊಟ್ಟೆ ತೊಳಸುತ್ತದೆ. ಸರಿ, ಕಾಡು ಬೋಳಿಸಿ ಫ್ರೇಮ್ ಸರಿ ಮಾಡಿದೆವು. ಆಗಲೂ ವಾಂತಿ ನಿಲ್ಲಲಿಲ್ಲ. ಕಣ್ಣಿಗೆ ಬಸ್ ತಿರುಗುತ್ತಿದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಕುರ್ಚಿ ಅಲ್ಲಾಡುತ್ತಲೇ ಇಲ್ಲ. ಮಿದುಳಿಗೆ ಯಾರನ್ನು ನಂಬಬೇಕೋ ಗೊತ್ತಾಗಲ್ಲ. ನಿಜವಾದ ಆಗುಂಬೆಯಲ್ಲೇ ವಾಂತಿ ಮಾಡುವವರು ಇದ್ದಾರೆ, ನಮ್ಮದರಲ್ಲಿ ಎಲ್ಲರಿಗೂ ಗ್ಯಾರಂಟಿ. ಕೀಬೋರ್ಡ್ ಪಕ್ಕದಲ್ಲಿ ನಿಂಬೆಹಣ್ಣು ಇಟ್ಟುಕೊಂಡೇ ಟೆಸ್ಟ್ ಮಾಡುತ್ತಿದ್ದೆವು. ಸ್ಟುಡಿಯೋದ ವಾಚ್‌ಮನ್ ನಮ್ಮನ್ನು ನೋಡಿ ಏನೋ ಮಾಟ ಮಂತ್ರ ನಡೆಸುತ್ತಿದ್ದಾರೆ ಅಂದುಕೊಂಡಿದ್ದ.

ಒಂದು ಭಾನುವಾರ ನಮ್ಮ ಅತ್ತೆಗೆ ಹಾಕಿ ಕೂರಿಸಿದೆ. ಅವರು ತೀರ್ಥಹಳ್ಳಿ ಕಡೆಯವರು. ಡ್ರೈವರ್ ಸೀಟಿನಲ್ಲಿ ಕೂತವರೇ "ಇಲ್ಲಿ ಬೇಡ, ಹಿಂದೆ ಕಿಟಕಿ ಪಕ್ಕ ಕೂರಿಸು" ಎಂದರು. ನಾವು ಬಸ್ ನಿಲ್ಲಿಸಿ ಅವರನ್ನು ಕಿಟಕಿ ಸೀಟಿಗೆ ಕಳಿಸಿದೆವು. ಆಮೇಲೆ ಅವರು ಹೊರಗೆ ನೋಡುತ್ತಾ ಯಾರ ಯಾರ ಮದುವೆಗೆ ಆ ದಾರಿಯಲ್ಲಿ ಹೋಗಿದ್ದರು ಎಂದು ಹೇಳುತ್ತಾ ಕೂತರು. ಅವರಿಗೆ ತಲೆ ಸುತ್ತಲಿಲ್ಲ, ಯಾಕೆಂದರೆ ಬಸ್ ಓಡುತ್ತಲೇ ಇರಲಿಲ್ಲ! ಆಟ ಯಾವುದು ಎಂದು ನಮಗೆ ಆಗ ಹೊಳೆಯಿತು. ಓಡಿಸುವುದಲ್ಲ, ಕೂತು ನೋಡುವುದು.

ಆದರೆ ಆ ಆಟ ಮಾಡಲು ಸಂಬಳ ಬಿಟ್ಟು ಕೂರಬೇಕಿತ್ತು. ದುಡ್ಡು ಹಾಕುವವರನ್ನು ಹುಡುಕಿಕೊಂಡು ಹೋದೆವು. ಎಲ್ಲರದೂ ಒಂದೇ ಪ್ರಶ್ನೆ: ಇಂಡಿಯಾದಲ್ಲಿ ಎಷ್ಟು ಜನರ ಹತ್ತಿರ ಈ ಮಷೀನ್ ಇದೆ? ಅದಕ್ಕೆ ಏನು ಹೇಳುವುದು? ಆಟ ಅಲ್ಲೇ ನಿಂತಿತು. ಆ ಹೊತ್ತಿಗೆ ಆಕ್ಯುಲಸ್ ಆಗಲಿ ಇನ್ನೊಬ್ಬರಾಗಲಿ ಬಂದು, ದುಡ್ಡು ಕೊಡ್ತೀವಿ, ಒಂದು ವರ್ಷ ನಮ್ಮ ಅಂಗಡಿಯಲ್ಲೇ ಮಾರಿ ಅಂದಿದ್ದರೆ ಎರಡೂ ಕೈಯಲ್ಲಿ ಸಹಿ ಹಾಕುತ್ತಿದ್ದೆ. ವೈವ್ ತಂದುಕೊಟ್ಟ ಗೆಳೆಯನೂ ಹಾಕುತ್ತಿದ್ದ.

ಮುಕ್ತ ವೇದಿಕೆ ಬೇಕು ಎಂದು ಕೂಗಾಡಿದವರಿಗೆ ಬೇಕಾದ್ದು ಇಷ್ಟೇ: ಎಲ್ಲ ಆಟವೂ ಬೇಕು, ತಮ್ಮ ಯಂತ್ರದಲ್ಲೇ ಬೇಕು, ಅದೂ ಡಿಸ್ಕೌಂಟ್‌ನಲ್ಲಿ ಬೇಕು. ಅವರು ಎತ್ತಿ ಹಿಡಿಯುವ ವಾಲ್ವ್, ಅಂದರೆ ವೈವ್‌ಗೆ ಕೈ ಜೋಡಿಸಿದ, ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿ ನಡೆಸುವ ಕಂಪನಿ, ಏನು ಧರ್ಮಛತ್ರವಾ? ನೀವು ಯಾವ ಹೆಡ್‌ಸೆಟ್ ಹಾಕಿಕೊಂಡರೂ ಸ್ಟೀಮ್‌ನಲ್ಲಿ ಆಟ ಕೊಂಡರೆ ವಾಲ್ವ್‌ಗೆ ಪಾಲು ಬರುತ್ತದೆ. ಅಂಗಡಿ ಅವರದೇ ಆಗಿರುವಾಗ ಬಾಗಿಲು ತೆರೆದಿಟ್ಟರೆ ಅವರಿಗೇನು ಕಷ್ಟ? ರಿಫ್ಟ್ ಯಂತ್ರದಲ್ಲಿ ನಮಗೆ ಲಾಭ ಇಲ್ಲ ಎಂದು ಆಕ್ಯುಲಸ್‌ನ ಪಾಮರ್ ಲಕ್ಕಿ ಹೇಳಿದ್ದರು. ಆಟದಿಂದಲಾದರೂ ಜನ ತಮ್ಮ ಅಂಗಡಿಗೆ ಬರಲಿ ಅಂತ ಅವರು ನೋಡಿದರೆ ಅದರಲ್ಲಿ ತಪ್ಪೇನು?

ಅದೂ ಎಲ್ಲ ಆಟಕ್ಕೂ ಶಾಶ್ವತ ಬೇಲಿ ಹಾಕಲಿಲ್ಲ. 'ಸೂಪರ್‌ಹಾಟ್ ವಿಆರ್' 2016ರ ಡಿಸೆಂಬರ್‌ನಲ್ಲಿ ರಿಫ್ಟ್‌ಗೆ ಬಂತು, ಮರುವರ್ಷ ಮೇ ತಿಂಗಳಲ್ಲಿ ವೈವ್‌ಗೆ, ಜುಲೈನಲ್ಲಿ ಪ್ಲೇಸ್ಟೇಷನ್‌ಗೆ. ಅರ್ಧ ವರ್ಷ ಕಾಯಲು ಆಗದೆ ಎಷ್ಟು ಗಲಾಟೆ ಮಾರಾಯ್ರೆ! ನಮ್ಮ ಬಸ್ಸಿಗಾಗಿ ಅತ್ತೆ ಇನ್ನೂ ಕಾಯುತ್ತಿದ್ದಾರೆ.

ವಿರೋಧ: ನನ್ನ ದುಡ್ಡಲ್ಲಿ ಕೊಂಡ ಆಟಕ್ಕೆ ನಿಮ್ಮ ಕಾವಲು ಯಾಕೆ?

ಸಂಪಾದಕರು ಫೋನ್ ಮಾಡಿ "ಪರ ಆಗಲೇ ಬಂದಿದೆ, ನೀವು ವಿರೋಧ ಬರೆದುಕೊಡಿ" ಎಂದರು. ಬರೆಯುತ್ತಿದ್ದೇನೆ. ಹೆಡ್‌ಸೆಟ್ ಹಾಕಿಕೊಂಡು ಜಾಸ್ತಿ ಹೊತ್ತು ಇರುವವನು ನಾನಲ್ಲ, ಆದರೆ ಈ ಜಗಳವನ್ನು ದಿನಾ ಓದುತ್ತಿದ್ದೆ.

ನನ್ನ ವಾದ ಒಂದೇ. ಪಿಸಿಗೆ ಹಾಕುವ ಹೆಡ್‌ಸೆಟ್ ಒಂದು ಪರದೆ, ಜೊತೆಗೆ ತಲೆ ಎತ್ತ ತಿರುಗಿತು ಎಂದು ಹೇಳುವ ಸೆನ್ಸರ್. ರಿಫ್ಟ್ ಮತ್ತು ವೈವ್ ಎರಡರಲ್ಲೂ ಪರದೆಯ ಚುಕ್ಕಿಗಳು ಅಷ್ಟೇ, ವೇಗವೂ ಅದೇ 90. ನೀವು ಮನೆಗೆ ಯಾವ ಕಂಪನಿಯ ಮಾನಿಟರ್ ತಂದರೂ ಪಿಸಿ ಆಟ ನಡೆಯುತ್ತದೆ. ಮಾನಿಟರ್ ಕಂಪನಿ ಬಂದು ಈ ಆಟ ನಮ್ಮ ಪರದೆಯಲ್ಲಿ ಮಾತ್ರ ಎಂದರೆ ಒಪ್ಪುತ್ತೀರಾ? ಸೋನಿಯ ಮಾತು ಇಲ್ಲಿ ತರಬೇಡಿ. ಪ್ಲೇಸ್ಟೇಷನ್ ಕೊಳ್ಳುವವನಿಗೆ ಅದು ಸೋನಿ ಒಪ್ಪಿದ್ದಷ್ಟೇ ಓಡುವ ಮುಚ್ಚಿದ ಪೆಟ್ಟಿಗೆ ಎಂದು ಗೊತ್ತು. ಪಿಸಿ ಕೊಳ್ಳುವವನು ಅದು ತೆರೆದ ಪೆಟ್ಟಿಗೆ ಎಂದೇ ಕೊಳ್ಳುತ್ತಾನೆ. ಕಾರ್ಡ್ ಅವನೇ ಹಾಕುತ್ತಾನೆ, ಕಿತ್ತು ಬೇರೆ ಹಾಕುತ್ತಾನೆ.

ಪಾಮರ್ ಲಕ್ಕಿಯ ಮಾತು ಪರ ಬರೆದವರಿಗೆ ಇಷ್ಟ ಎಂದು ಕಾಣುತ್ತದೆ. ಅವರದೇ ಇನ್ನೊಂದು ಮಾತಿದೆ. ನಮ್ಮಿಂದ ಆಟ ಕೊಂಡವರು ಅದನ್ನು ತಿದ್ದಿ ಯಾವ ಹೆಡ್‌ಸೆಟ್‌ನಲ್ಲಿ ಬೇಕಾದರೂ ಓಡಿಸಿಕೊಳ್ಳಲಿ, ನನಗೇನೂ ಇಲ್ಲ ಎಂದು ರಿಫ್ಟ್ ಬರುವ ಮೊದಲು ರೆಡ್ಡಿಟ್ ಎಂಬ ಚರ್ಚೆಯ ತಾಣದಲ್ಲಿ ಅವರು ಬರೆದಿದ್ದರು. ಜನ ನಂಬಿದರು. ರಿಫ್ಟ್ ಬಂದು ಒಂದು ತಿಂಗಳೂ ಆಗಿರಲಿಲ್ಲ, ಏಪ್ರಿಲ್‌ನಲ್ಲಿ ರಿವೈವ್ ಎಂಬ ಪುಟ್ಟ ಪ್ರೋಗ್ರಾಂ ಬಂತು. ಆಕ್ಯುಲಸ್ ಅಂಗಡಿಯ 'ಲಕ್ಕೀಸ್ ಟೇಲ್' ಆಟ ವೈವ್‌ನಲ್ಲಿ ಓಡಿತು. ಕೊಂಡ ಆಟಗಳಿಗೆ ಆಕ್ಯುಲಸ್‌ಗೆ ಬರಬೇಕಾದ ದುಡ್ಡು ಬರುತ್ತಲೇ ಇತ್ತು, ಗಮನಿಸಿ.

ಮೇ ತಿಂಗಳಲ್ಲಿ ಆಕ್ಯುಲಸ್ ಒಂದು ಅಪ್‌ಡೇಟ್ ಬಿಟ್ಟಿತು. ಪಿಸಿಗೆ ರಿಫ್ಟ್ ಜೋಡಿಸಿದೆಯೇ ಎಂದು ಆಟ ಶುರುವಾಗುವ ಮೊದಲೇ ನೋಡುವ ತಪಾಸಣೆ ಅದು. ರಿವೈವ್ ನಿಂತಿತು. ಮುಂದೇನಾಯಿತು ಎಂಬುದೇ ತಮಾಷೆ. ರಿವೈವ್ ಬರೆದವರು ಹಳೇ ದಾರಿ ಮುಚ್ಚಿತೆಂದು ಹೊಸ ದಾರಿ ಹುಡುಕಿದರು. ಹೊಸ ದಾರಿಯಲ್ಲಿ ಹೆಡ್‌ಸೆಟ್ ತಪಾಸಣೆಯ ಜೊತೆಗೆ, ಆಟ ಕೊಂಡಿದ್ದಾನೋ ಇಲ್ಲವೋ ಎನ್ನುವ ತಪಾಸಣೆಯೂ ಹೋಯಿತು. ಅಂದರೆ ದುಡ್ಡು ಕೊಟ್ಟ ಗಿರಾಕಿಯನ್ನು ತಡೆಯಲು ಹೋಗಿ ಕಳ್ಳರಿಗೆ ಬಾಗಿಲು ತೆರೆದ ಹಾಗಾಯಿತು. ಜೂನ್‌ನಲ್ಲಿ ಆಕ್ಯುಲಸ್ ಸದ್ದಿಲ್ಲದೆ ಆ ತಪಾಸಣೆ ತೆಗೆದುಹಾಕಿತು. ತೆಗೆದ ಮೇಲೆ ಕಂಪನಿ ಮುಳುಗಿತಾ? ಇಲ್ಲ. ಹಾಗಾದರೆ ಮೊದಲಿಗೆ ಹಾಕಿದ್ದು ಯಾಕೆ? ಇದಕ್ಕೆ ಪರ ಪಕ್ಷದ ಉತ್ತರ ನನಗೆ ಸಿಕ್ಕಿಲ್ಲ. ಬಸ್ಸಿನ ಕಥೆ ಮಾತ್ರ ಚೆನ್ನಾಗಿತ್ತು.

ದುಡ್ಡಿನ ಮಾತಿಗೆ ಬರೋಣ. ದುಡ್ಡು ಕೊಟ್ಟವನೇ ಧಣಿ, ಧಣಿ ಹೇಳಿದ ಕಡೆ ಕುಣಿ ಎನ್ನುವುದು ಅವರ ವಾದದ ಸಾರ. ಆದರೆ ವಾಲ್ವ್ ಕೂಡ ವಿಆರ್ ಆಟ ಮಾಡುವ ಕಂಪನಿಗಳಿಗೆ ದುಡ್ಡು ಕೊಟ್ಟಿತ್ತು. ಸ್ಟೀಮ್‌ನಲ್ಲಿ ಮುಂದೆ ಬರುವ ಗಳಿಕೆಯ ಮುಂಗಡ ಎಂದು ಕೊಟ್ಟು, ನಿಮ್ಮ ಆಟ ರಿಫ್ಟ್‌ಗೂ ಪ್ಲೇಸ್ಟೇಷನ್‌ಗೂ ಹೋಗಲಿ ಎಂದಿತ್ತು. ಹಾಗಾಗಿ ದುಡ್ಡು ಕೊಡುವುದಕ್ಕೂ ಬೀಗ ಹಾಕುವುದಕ್ಕೂ ಸಂಬಂಧ ಇರಲೇಬೇಕು ಎಂದೇನಿಲ್ಲ. ಅದೇ ವಾಲ್ವ್ 2020ರಲ್ಲಿ 'ಹಾಫ್-ಲೈಫ್: ಅಲಿಕ್ಸ್' ಬಿಟ್ಟಾಗ ಅದು ರಿಫ್ಟ್‌ನಲ್ಲೂ ಓಡಿತು, ವೈವ್‌ನಲ್ಲೂ ಓಡಿತು. ವಾಲ್ವ್‌ಗೆ ಅಂಗಡಿ ಇದೆ, ಹಾಗಾಗಿ ಸುಲಭ ಎಂದು ಪರ ಬರೆದವರು ಹೇಳುತ್ತಾರೆ. ಅದು ಸರಿಯೇ ಇರಬಹುದು. ಆದರೆ ಆಕ್ಯುಲಸ್‌ಗೂ ಅಂಗಡಿ ಇತ್ತಲ್ಲ! ವೈವ್ ಇಟ್ಟುಕೊಂಡವನು ಅಲ್ಲಿಗೆ ದುಡ್ಡು ಹಿಡಿದು ಬಂದರೆ ಒಳಗೆ ಬಿಡದೆ ಕಳಿಸಿದ್ದು ಅವರೇ.

ಇನ್ನು ಬೆಲೆ. 2017ರಲ್ಲಿ ರಿಫ್ಟ್ ಮತ್ತು ಕೈಯಲ್ಲಿ ಹಿಡಿದು ಆಡುವ ಅದರ ಟಚ್ ಕಂಟ್ರೋಲರ್ ಜೋಡಿ ಮಾರ್ಚ್‌ನಲ್ಲಿ 598 ಡಾಲರ್‌ಗೆ ಇಳಿಯಿತು, ಜುಲೈ ತಿಂಗಳ ಸೇಲ್‌ನಲ್ಲಿ 399ಕ್ಕೆ ಬಂತು. ಆಗಸ್ಟ್‌ನಲ್ಲಿ ವೈವ್ 799ರಿಂದ 599ಕ್ಕೆ ಇಳಿಯಿತು. ಗಿರಾಕಿಗೆ ನಿಜವಾಗಿ ಸಿಕ್ಕ ಲಾಭ ಇದು. ಇದು ಬಂದದ್ದು ಯಂತ್ರ ಯಂತ್ರಗಳ ಪೈಪೋಟಿಯಿಂದ, ಬೀಗದಿಂದ ಅಲ್ಲ ಎಂಬುದು ನನ್ನ ನಂಬಿಕೆ.

ಬೀಗದ ಕೈ ಒಬ್ಬರ ಹತ್ತಿರವೇ ಇದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 'ಲೋನ್ ಎಕೋ' ಮಾಡಿದ ತಂಡದ್ದೇ 'ಎಕೋ ವಿಆರ್'. ಗಾಳಿಯಲ್ಲಿ ತೇಲುತ್ತಾ ಡಿಸ್ಕ್ ಎಸೆಯುವ ಆಟ, ಅದಕ್ಕಾಗಿಯೇ ಹೆಡ್‌ಸೆಟ್ ಕೊಂಡವರಿದ್ದರು. ಆಮೇಲೆ ಆ ತಂಡವನ್ನೇ ಫೇಸ್‌ಬುಕ್ ಕೊಂಡುಕೊಂಡಿತು. 2023ರ ಆಗಸ್ಟ್ 1ಕ್ಕೆ ಸರ್ವರ್ ಬಂದ್ ಮಾಡಿದರು.

ಇಷ್ಟು ಬರೆದ ಮೇಲೂ ಒಂದು ವಿಷಯ ಹೇಳಬೇಕು. ಆರು ತಿಂಗಳೋ ವರ್ಷವೋ ಗಡುವು ಇಟ್ಟು, ಆಮೇಲೆ ಎಲ್ಲರಿಗೂ ಬಿಟ್ಟರೆ ನನ್ನ ತಕರಾರಿಲ್ಲ. 'ಸೂಪರ್‌ಹಾಟ್' ಹಾಗೇ ಬಂತು, ಚೆನ್ನಾಗೇ ಮಾರಾಟವಾಯಿತು. ಹೀಗೆ ಬರೆದರೆ ವಿರೋಧ ಸಪ್ಪೆ ಆಯಿತು ಎಂದು ಸಂಪಾದಕರು ಈ ಸಾಲು ತೆಗೆದರೂ ತೆಗೆದಾರು.