ತೆಳ್ಳನೆ ಕೂದಲಿಗೆ ಮಾರುದ್ದ ಹೆರಳಿನ ಹಟ ಯಾಕೆ?

ತೆಳ್ಳನೆ ಕೂದಲಿದ್ದವರಿಗೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಪುಕ್ಕಟೆ ಸಲಹೆಗೆ ಬರ ಇಲ್ಲ. ಕುಬುಸಕ್ಕೆ ಹೋಗಿ, ಮದುವೆಗೆ ಹೋಗಿ, ಹೂ ಮುಡಿಸಿಕೊಳ್ಳಲು ತಲೆ ತಿರುಗಿಸಿದರೆ ಸಾಕು. “ಏನವಾ ತಂಗಿ, ಹೆರಳು ಇಲಿ ಬಾಲ ಆಗೇತಲ್ಲ!” ಅಂತ ಯಾರಾದರೂ ಶುರು ಮಾಡುತ್ತಾರೆ. ಒಬ್ಬರು ದಾಸವಾಳದ ಎಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಹರಳೆಣ್ಣೆ, ಮತ್ತೊಬ್ಬರು ಉಳ್ಳಾಗಡ್ಡಿ ರಸ. ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಯಾವುದೋ ಊರಿನ ನಾಟಿ ವೈದ್ಯರ ವಿಳಾಸವೂ ಸಿಕ್ಕಿರುತ್ತದೆ. ಆದರೆ “ಭುಜದ ಮಟ್ಟಕ್ಕ ಕತ್ತರಿಸಿಬಿಡವಾ, ತುಂಬಿ ಕಾಣ್ತಾವು” ಅಂದ ಒಬ್ಬ ಹಿರಿಯರನ್ನೂ ನಾನು ನೋಡಿಲ್ಲ. ನನ್ನ ಪ್ರಕಾರ ಮೊದಲು ಹೇಳಬೇಕಾದ ಸಲಹೆಯೇ ಅದು.

ನಮ್ಮಲ್ಲಿ ಕೂದಲನ್ನು ಅಳೆಯುವುದೇ ಉದ್ದದಿಂದ. ಹಾಗಾಗಿ ಸೊಂಟ ಮುಟ್ಟುವ ನಾಲ್ಕು ಎಳೆ ಉಳಿಸಿಕೊಳ್ಳಲು ಎಷ್ಟೋ ಜನ ಒದ್ದಾಡುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಅಂದರೆ ಸೊಂಟದ ಹತ್ತಿರ ಇರುವ ತುದಿ ನಾಲ್ಕೈದು ವರ್ಷ ಹಳೆಯದು. ಅಷ್ಟು ವರ್ಷದ ಬಿಸಿಲು, ಹಣಿಗೆ, ರಬ್ಬರ್ ಬ್ಯಾಂಡು, ಬೋರಿನ ನೀರು ಎಲ್ಲವನ್ನೂ ಅದು ತಿಂದಿರುತ್ತದೆ. ಇನ್ನೊಂದು ಮಾತೂ ಇದೆ. ಒಂದೊಂದು ಕೂದಲೂ ಸುಮಾರು 2ರಿಂದ 6 ವರ್ಷ ಬೆಳೆದು, ಆಮೇಲೆ ಕೆಲವು ತಿಂಗಳು ಸುಮ್ಮನಿದ್ದು ಉದುರುತ್ತದೆ. ಎರಡು-ಮೂರು ವರ್ಷಕ್ಕೇ ಬೆಳೆಯುವುದು ನಿಲ್ಲಿಸುವ ಎಳೆ ಸೊಂಟಕ್ಕೆ ತಲುಪುವುದೇ ಇಲ್ಲ. ಅದಕ್ಕೇ ಬುಡದಲ್ಲಿ ಇದ್ದಷ್ಟು ಕೂದಲು ತುದಿಯಲ್ಲಿ ಇರುವುದಿಲ್ಲ. ಭುಜದ ಹತ್ತಿರ ಕತ್ತರಿಸಿದರೆ ಹೆಚ್ಚಿನ ಎಳೆಗಳೆಲ್ಲ ಅಲ್ಲಿ ಹಾಜರಿರುತ್ತವೆ. ಅಂಚು ಗಟ್ಟಿಯಾಗಿ ಕಾಣುತ್ತದೆ. ಅದರಲ್ಲಿ ಮಾಯಮಂತ್ರ ಏನೂ ಇಲ್ಲ.

ತೆಳ್ಳಗೆ ಅನ್ನುವುದರಲ್ಲೂ ಎರಡು ಬಗೆ. ಕೆಲವರ ಒಂದೊಂದು ಎಳೆಯೇ ನವಿರು. ಬೆರಳ ನಡುವೆ ಹಿಡಿದರೆ ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆದರೆ ಎಳೆಗಳು ಬೇಕಾದಷ್ಟು ಇರುತ್ತವೆ. ಇನ್ನು ಕೆಲವರಿಗೆ ಎಳೆ ದಪ್ಪ ಇದ್ದರೂ ವಿರಳ, ಬೈತಲೆ ತೆಗೆದರೆ ನೆತ್ತಿ ಕಾಣುತ್ತದೆ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಎಳೆಯ ದಪ್ಪ ಎಷ್ಟು ಅನ್ನುವುದನ್ನು ಚರ್ಮದ ಒಳಗಿನ ಬೇರು ತೀರ್ಮಾನಿಸುತ್ತದೆ. ಹೊರಗೆ ಬಂದ ಎಳೆಗೆ ಜೀವವಿಲ್ಲ, ಉಗುರಿನ ಜಾತಿಯದೇ ಅದು. ಅದಕ್ಕೆ ಏನು ಕುಡಿಸಿದರೂ ಅದು ಬೆಳೆದು ದಪ್ಪ ಆಗುವುದಿಲ್ಲ. ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಅನ್ನುವುದೂ ಹಾಗೇ. ಮೊಂಡ ತುದಿ ಕೈಗೆ ಚುಚ್ಚುತ್ತದೆ ಅಷ್ಟೇ, ಬೇರು ಬದಲಾಗಿರುವುದಿಲ್ಲ.

ಹಾಗಂತ ಎಣ್ಣೆ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಕೊಬ್ಬರಿ ಎಣ್ಣೆಗೆ ಒಂದು ಒಳ್ಳೆ ಗುಣ ಇದೆ. ಅದು ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಎರಡೂ ಆ ಕೆಲಸ ಮಾಡಲಿಲ್ಲ. ಹಾಗಾಗಿ ಸ್ನಾನಕ್ಕೆ ಒಂದೆರಡು ತಾಸು ಮೊದಲು ಸ್ವಲ್ಪ ಹಚ್ಚಿ, ತೊಳೆದುಬಿಡಿ. ದಿನಾ ಬೆಳಿಗ್ಗೆ ಎಣ್ಣೆ ಸುರಿದುಕೊಂಡು ಅದರ ಮೇಲೆ ಹೆರಳು ಹಾಕಿ ಆಫೀಸಿಗೆ ಹೋಗುವ ಪದ್ಧತಿ ಇದೆಯಲ್ಲ, ನವಿರು ಕೂದಲಿಗೆ ಅದು ಶತ್ರು. ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುನಡುವೆ ನೆತ್ತಿ ಕಾಣುತ್ತದೆ. ಹರಳೆಣ್ಣೆ ಇನ್ನೂ ಮಂದ. ಹೊಸ ಕೂದಲು ಬರಿಸುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ, ತೊಳೆಯಲು ಮಾತ್ರ ಮೂರು ಸಲ ಉಜ್ಜಬೇಕು. ಅಜ್ಜಿ ಕೂತು ತಲೆ ತಿಕ್ಕಿದರೆ ಒಳ್ಳೆ ನಿದ್ದೆ ಬರುತ್ತದೆ. ಆ ಕಾರಣಕ್ಕೆ ತಿಕ್ಕಿಸಿಕೊಳ್ಳಿ, ನನ್ನದೇನೂ ತಕರಾರಿಲ್ಲ.

ನೀರಿನ ಮಾತು ಬಿಡುವ ಹಾಗಿಲ್ಲ. ನವಿಲುತೀರ್ಥದಿಂದ ಬರುವ ಮಲಪ್ರಭೆ ನೀರು ದಿನಾ ನಳದಲ್ಲಿ ಬರುವ ಓಣಿಯವರು ಪುಣ್ಯವಂತರು. ಉಳಿದವರಿಗೆ ನಳ ಬರುವ ದಿನದವರೆಗೆ ಬೋರೇ ಗತಿ. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು ಕೂದಲ ಮೇಲೆ ಕೂರುತ್ತದೆ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ. ಸಿಕ್ಕು ಬಿಡಿಸುವಾಗ ನವಿರು ಎಳೆ ಮುರಿಯುತ್ತದೆ. ಬೋರಿನ ನೀರಿನಿಂದ ಬೇರೇ ಸಾಯುತ್ತದೆ ಅನ್ನುವುದು ಅತಿಯಾಯಿತು. ಕೊನೆಗೆ ತಲೆ ತೊಳೆದುಕೊಳ್ಳಲು ಒಂದೆರಡು ತಂಬಿಗೆ ನಳದ ನೀರು ಎತ್ತಿಟ್ಟುಕೊಂಡರೂ ವ್ಯತ್ಯಾಸ ಕಾಣುತ್ತದೆ. ನವಿರು ಕೂದಲಿಗೆ ಜಿಡ್ಡು ಬೇಗ ಏರುತ್ತದೆ, ಮೇಲೆ ನಮ್ಮ ಹುಬ್ಬಳ್ಳಿ ಧೂಳು ಬೇರೆ. ದಿನ ಬಿಟ್ಟು ದಿನ ತೊಳೆದರೆ ತಪ್ಪೇನಿಲ್ಲ. ಶಾಂಪೂವನ್ನು ತಂಬಿಗೆ ನೀರಿನಲ್ಲಿ ಕಲಸಿ ನೆತ್ತಿಗೆ ಹಾಕಿ. ಕಂಡಿಷನರ್ ಮಾತ್ರ ಕಿವಿಯಿಂದ ಕೆಳಗೆ. ನೆತ್ತಿಗೆ ಹಚ್ಚಿದರೆ ಕೂದಲು ಚಪ್ಪಟೆಯಾಗಿ ಮಲಗಿಬಿಡುತ್ತದೆ.

ಈಗ ಕತ್ತರಿಗೆ ಬರೋಣ. ಪಾರ್ಲರಿನಲ್ಲಿ ಬಾಯಿ ಬಿಟ್ಟು ಹೇಳಬೇಕು. ತುದಿ ಒಂದೇ ಸಮ ಬರಲಿ. ಲೇಯರ್ ಬೇಕೇ ಬೇಕು ಅಂದರೆ ಮುಖದ ಅಕ್ಕಪಕ್ಕ ಸ್ವಲ್ಪ ಮಾತ್ರ. ಹಲ್ಲಿರುವ ಕತ್ತರಿ ತೆಗೆದರೆ ಅಲ್ಲೇ ತಡೆಯಿರಿ. ಅದು ದಟ್ಟ ಕೂದಲನ್ನು ಹಗುರ ಮಾಡುವ ಸಾಮಾನು, ನಮ್ಮಂಥವರ ಹತ್ತಿರ ಹಗುರ ಮಾಡಲು ಏನಿದೆ? ಆಮೇಲೆ ಒಂದು ಮಾತು ಬಂದೇ ಬರುತ್ತದೆ: “ಸ್ಮೂದನಿಂಗ್ ಮಾಡಿಸ್ರಿ ಅಕ್ಕಾ, ಭಾಳ ಚಂದ ಕಾಣ್ತಾವು.” ಸಾವಿರಗಟ್ಟಲೆ ರೊಕ್ಕ ಕೊಟ್ಟು ಇದ್ದ ಒಂಚೂರು ಉಬ್ಬನ್ನೂ ಇಸ್ತ್ರಿ ಹಾಕಿಸಿಕೊಂಡು ಬರುವ ಕೆಲಸ ಅದು. ಕೂದಲು ನೇರ ಮಾಡುವ ಇಂಥ ಕೆಲವು ರಾಸಾಯನಿಕಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆಯೂ ಬರುತ್ತದೆ. ಸಣ್ಣ ಅಲೆ ಇರುವ ಕೂದಲು ದೇವರು ಕೊಟ್ಟ ವರ, ಅದನ್ನು ಚಪ್ಪಟೆ ಮಾಡಿಸಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಬೆಳಿಗ್ಗೆ ಚಿಗರಿ ಬಸ್ ಹಿಡಿಯುವವರಿಗೆ ಕನ್ನಡಿ ಮುಂದೆ ಗಂಟೆಗಟ್ಟಲೆ ನಿಲ್ಲಲು ಆಗುವುದಿಲ್ಲ, ನನಗೂ ಆಗುವುದಿಲ್ಲ. ಬೇಗ ಆಗುವಂಥ ಕೆಲಸಗಳೂ ಇವೆ. ಎಲ್ಲಕ್ಕಿಂತ ಸುಲಭ, ಬೈತಲೆ ಬದಲಿಸುವುದು. ಶಾಲೆಯ ದಿನದಿಂದ ಒಂದೇ ಜಾಗದಲ್ಲಿ ಬೈತಲೆ ತೆಗೆದರೆ ಕೂದಲು ಅಲ್ಲೇ ಮಲಗಲು ಕಲಿತಿರುತ್ತದೆ. ಪಕ್ಕಕ್ಕೆ ಸರಿಸಿ, ಇಲ್ಲವೇ ಹಣಿಗೆಯ ತುದಿಯಿಂದ ಸೊಟ್ಟಸೊಟ್ಟ ಗೆರೆ ಎಳೆಯಿರಿ. ಬುಡ ತಾನೇ ಎದ್ದು ನಿಲ್ಲುತ್ತದೆ. ತೊಳೆದ ಮೇಲೆ ಟವೆಲಿನಿಂದ ಬಡಿಯಬೇಡಿ, ಒತ್ತಿ ನೀರು ತೆಗೆಯಿರಿ. ಒದ್ದೆ ಕೂದಲು ಬೇಗ ಮುರಿಯುತ್ತದೆ. ಅಗಲ ಹಲ್ಲಿನ ಹಣಿಗೆ ಸಾಕು. ಒದ್ದೆ ಇದ್ದಾಗಲೇ ಹೆರಳು ಹಾಕುವುದಂತೂ ಬೇಡವೇ ಬೇಡ. ಡ್ರೈಯರ್ ಇದ್ದರೆ ತಲೆ ಕೆಳಗೆ ಮಾಡಿ, ಬುಡಕ್ಕೆ ಗಾಳಿ ಬಿಡಿ. ಮುಕ್ಕಾಲು ಒಣಗಿದ ಮೇಲೆ ನೆಟ್ಟಗೆ ನಿಂತು ತಣ್ಣನೆ ಗಾಳಿ ಕೊಡಿ. ನೆತ್ತಿಯ ಮೇಲಿನ ಕೂದಲಿಗೆ ಎರಡು-ಮೂರು ವೆಲ್ಕ್ರೋ ರೋಲರ್ ಸುತ್ತಿಕೊಂಡು ರೊಟ್ಟಿ ಬಡಿಯಿರಿ. ಡಬ್ಬಿ ಕಟ್ಟಿ ಮುಗಿಯುವ ಹೊತ್ತಿಗೆ ತೆಗೆದರೆ ಆಯಿತು.

ಎರಡನೇ ದಿನ ಬುಡ ಜಿಡ್ಡಾದರೆ ನೀರಿಲ್ಲದೆ ಹಚ್ಚುವ ಡ್ರೈ ಶಾಂಪೂ ಸಿಗುತ್ತದೆ. ಅದರಲ್ಲಿ ಜಿಡ್ಡು ಹೀರುವುದು ಹೆಚ್ಚಾಗಿ ಅಕ್ಕಿಯ ಇಲ್ಲವೇ ಗೋವಿನಜೋಳದ ಪಿಷ್ಟ. ಹಾವೇರಿ ಕಡೆ ಹೊಲದ ತುಂಬ ಗೋವಿನಜೋಳ ಬೆಳೆದು, ಅದರ ಪಿಷ್ಟವನ್ನೇ ಚಂದದ ಡಬ್ಬಿಯಲ್ಲಿ ನೂರಾರು ರೂಪಾಯಿಗೆ ಕೊಳ್ಳುತ್ತೇವೆ ನೋಡಿ! ಅಡುಗೆಮನೆಯ ಕಾರ್ನ್‌ಫ್ಲೋರ್ ಚಿಟಿಕೆಯಷ್ಟು ಬುಡಕ್ಕೆ ಉದುರಿಸಿ ಚೆನ್ನಾಗಿ ಬಾಚಿದರೂ ಜಿಡ್ಡು ಹೀರುತ್ತದೆ. ಜಾಸ್ತಿ ಆದರೆ ತಲೆ ಬೂದಿ ಬಳಿದಂತೆ ಕಾಣುತ್ತದೆ, ಹುಷಾರು. ಬೈತಲೆಯಲ್ಲಿ ನೆತ್ತಿ ಬೆಳ್ಳಗೆ ಹೊಳೆಯುತ್ತಿದ್ದರೆ ಕೂದಲ ಬಣ್ಣದ ಪುಡಿಯನ್ನು ಬ್ರಷ್‌ನಿಂದ ಸವರಬಹುದು. ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ.

ಹೆರಳೇ ಬೇಕು ಅನ್ನುವವರು ಸಡಿಲ ಹಾಕಿ. ತುದಿ ಕಟ್ಟಿದ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮಡಿಕೆಯನ್ನು ಬೆರಳಿನಿಂದ ಹೊರಗೆ ಎಳೆದು ಅಗಲ ಮಾಡಿ. ಅದೇ ಕೂದಲು ಎರಡು ಪಟ್ಟು ಕಾಣುತ್ತದೆ. ಬಿಗಿಯಾಗಿ ಕಟ್ಟಿದರೆ ಗಟ್ಟಿ ಬೆಳೆಯುತ್ತದೆ ಅಂತ ಮಕ್ಕಳ ಹುಬ್ಬು ಮೇಲಕ್ಕೆ ಹೋಗುವ ಹಾಗೆ ಎರಡು ಜಡೆ ಕಟ್ಟುತ್ತಾರಲ್ಲ, ಅದನ್ನು ದಯವಿಟ್ಟು ನಿಲ್ಲಿಸಿ. ದಿನಾ ಹಾಗೆ ಎಳೆದರೆ ಹಣೆಯ ಅಂಚಿನ ಕೂದಲು ಹಿಂದೆ ಸರಿಯುತ್ತದೆ. ವರ್ಷಗಟ್ಟಲೆ ನಡೆದರೆ ಆ ಜಾಗದಲ್ಲಿ ಮತ್ತೆ ಬರದೇ ಹೋಗಬಹುದು.

ಇಷ್ಟೆಲ್ಲ ಮೊದಲಿನಿಂದಲೂ ತೆಳ್ಳಗಿದ್ದವರಿಗೆ. ದಟ್ಟ ಇದ್ದದ್ದು ಇತ್ತೀಚೆಗೆ ತೆಳ್ಳಗಾಗುತ್ತಿದ್ದರೆ ಕತ್ತರಿಯ ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವ ಹುಚ್ಚು, ಇವು ಮುಗಿದು ಎರಡು-ಮೂರು ತಿಂಗಳಾದ ಮೇಲೆ ಕೂದಲು ಉದುರಿ ಕೈತುಂಬ ಬರುತ್ತದೆ. ಅಷ್ಟೊತ್ತಿಗೆ ಜ್ವರ ಮರೆತುಹೋಗಿರುತ್ತದೆ, ಬೈಸಿಕೊಳ್ಳುವುದು ಶಾಂಪೂ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲ ಆಗುತ್ತಿದ್ದರೆ ಅದು ಬೇರೆ ವಿಷಯ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ನೋಡಿಸಿ. ಬಾಣಂತಿಗೆ ಅಳ್ವಿ ಪಾಯಸ, ಅಂಟಿನುಂಡಿ ಮಾಡಿಕೊಡುವ ಮನೆಗಳಲ್ಲೇ ಉಳಿದ ದಿನ ಹೆಂಗಸರ ಊಟ ಚಹಾದಲ್ಲಿ ಮುಗಿಯುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಪಲ್ಲೆಗೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಗುಳಿಗೆ ನುಂಗುವವರು ಪರೀಕ್ಷೆಗೆ ರಕ್ತ ಕೊಡುವ ಮೊದಲು ಡಾಕ್ಟರಿಗೆ ತಿಳಿಸಿ, ಥೈರಾಯ್ಡ್ ರಿಪೋರ್ಟನ್ನೇ ಅದು ತಪ್ಪಾಗಿ ತೋರಿಸಬಹುದು.

ಮಿನಾಕ್ಸಿಡಿಲ್ ಬಗ್ಗೆಯೂ ಕೇಳುತ್ತಾರೆ. ಮೂಲದಲ್ಲಿ ಅದು ಬಿಪಿ ಗುಳಿಗೆ. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರ ಬೋಳುತಲೆಗೆ ಒಪ್ಪಿಗೆ ಸಿಕ್ಕಿತು, ಹೆಂಗಸರಿಗೆ ಆಮೇಲೆ. ಫಲ ಇದೆ. ಆದರೆ ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಸುರಿ, ಬಾಣಂತಿಯರು ಮುಟ್ಟಬಾರದು. ಪಕ್ಕದ ಮನೆಯವರು ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ಸಾಮಾನು ಅಲ್ಲ ಅದು.

ಇನ್ನು ಚೌರಿ. ಹಾಕಿಕೊಂಡರೆ ನಾಚಿಕೆ ಅನ್ನುವವರಿಗೆ ಒಂದು ಸುದ್ದಿ. ಗದಗ ದಾಟಿ ಕೊಪ್ಪಳಕ್ಕೆ ಹೋದರೆ ಪಕ್ಕದಲ್ಲೇ ಭಾಗ್ಯನಗರ ಇದೆ, ಕೂದಲು ಉದ್ಯಮಕ್ಕೇ ಹೆಸರಾದ ಊರು. ಬಾಚಿದಾಗ ಉದುರಿದ ಕೂದಲನ್ನು ಓಣಿ ಓಣಿ ತಿರುಗಿ ಕೊಂಡವರಿಂದ ತಂದು, ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ ಪರದೇಶಕ್ಕೂ ಕಳಿಸುತ್ತಾರೆ. ನಮ್ಮ ಹಣಿಗೆಯ ಕೂದಲು ಯಾವುದೋ ದೇಶದ ಹೆಂಗಸಿನ ತಲೆ ತುಂಬಿಸುತ್ತಿರುವಾಗ, ಮದುವೆಯ ಒಂದು ದಿನ ನಾವು ಚೌರಿ ಹಾಕಿಕೊಂಡರೆ ಏನು ಹೋಯಿತು? ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದು ನೋಡಿ. ನೈಲಾನಿನದಾದರೆ ಬಿಸಿ ರಾಡ್ ತಾಗಿಸಬೇಡಿ, ಕರಗುತ್ತದೆ. ಭಾರದ್ದು ಬೇಡ. ಮಲ್ಲಿಗೆ ದಂಡೆ, ಅಬ್ಬಲಿಗೆ, ಬಂಗಾರದ ಬಿಲ್ಲೆ ಎಲ್ಲ ಸೇರಿದರೆ ನವಿರು ಬುಡದ ಮೇಲೆ ಎಷ್ಟು ಎಳೆತ ಬೀಳುತ್ತದೆ ಯೋಚಿಸಿ. ಅಕ್ಷತೆ ಬಿದ್ದು ಊಟ ಆದ ಮೇಲೆ ಬಿಚ್ಚಿಡಿ, ಹಾಕಿಕೊಂಡೇ ಮಲಗಬೇಡಿ. “ನಿಂದs ಏನ ಇವು?” ಅಂತ ಯಾರಾದರೂ ಹಿಂದಿನಿಂದ ಎಳೆದು ಕೇಳಿದರೆ, “ರೊಕ್ಕಾ ಕೊಟ್ಟೀನಿ ಕಾಕೂ, ನಂದs ಅಲ್ಲೇನ?” ಅನ್ನಿ.