ಬಾಡಿ ವಾರಂಟ್

ಆ ಕನ್ನಡಕದ ವಿಷಯ ನನಗಿನ್ನೂ ಇತ್ಯರ್ಥವಾಗಿಲ್ಲ. 2024ರ ಆಗಸ್ಟ್ 29ರಂದು ಕೊಲೆ ಆರೋಪದಲ್ಲಿ ಒಳಗಿದ್ದ ನಟ ದರ್ಶನ್ ಅವರನ್ನು ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ಬಳ್ಳಾರಿ ಜೈಲಿಗೆ ಕರೆದೊಯ್ದರಲ್ಲ, ಆಗ ಕಣ್ಣ ಮೇಲಿದ್ದದ್ದು ಕೂಲಿಂಗ್ ಗ್ಲಾಸೋ, ಪವರ್ ಗ್ಲಾಸೋ? ಕೂಲಿಂಗ್ ಗ್ಲಾಸ್ ಹಾಕಲು ಬಿಟ್ಟವರ ಮೇಲೆ ಕ್ರಮ ಆಗಬೇಕೆಂದು ಕಾರಾಗೃಹ ಇಲಾಖೆಯ ದೊಡ್ಡ ಸಾಹೇಬರು ಪತ್ರ ಬರೆದರು. ಅದು ಪವರ್ ಗ್ಲಾಸು ಎಂದು ಆಮೇಲೆ ಸ್ಪಷ್ಟನೆ ಬಂತು. ರಾಜ್ಯ ನಿಟ್ಟುಸಿರುಬಿಟ್ಟಿತು.

ಪರಪ್ಪನ ಅಗ್ರಹಾರದ ಲಾನಿನ ಮೇಲೆ ಕುರ್ಚಿ, ಅದರಲ್ಲಿ ದರ್ಶನ್, ಕೈಲಿ ಮಗ್ಗು, ಸಿಗರೇಟು. ಆ ಫೋಟೊ ಹೊರಬಿದ್ದ ನಾಲ್ಕೇ ದಿನಕ್ಕೆ ಮುನ್ನೂರು ಕಿಲೋಮೀಟರ್ ಸಾಗಾಟ! ಒಂದು ಕುರ್ಚಿಯನ್ನು ಒಳಗಿಡಲಾಗದ ಇಲಾಖೆ ಆಸಾಮಿಯನ್ನೇ ಜಿಲ್ಲೆ ದಾಟಿಸಿತು. ಸಹ ಆರೋಪಿಗಳಲ್ಲಿ ಕೆಲವರು ಮೈಸೂರಿಗೆ, ಕೆಲವರು ಶಿವಮೊಗ್ಗಕ್ಕೆ, ಇನ್ನು ಕೆಲವರು ಧಾರವಾಡ, ವಿಜಯಪುರ, ಕಲಬುರಗಿ, ಬೆಳಗಾವಿಗೆ. ಶಾಲೆ ಮಕ್ಕಳಿಗೆ ಸರ್ಕಾರ ಮಾಡಿಸುವ ಕರ್ನಾಟಕ ದರ್ಶನದಲ್ಲೂ ಇಷ್ಟು ಊರು ಸಿಗುವುದಿಲ್ಲ. ಬಳ್ಳಾರಿಯವರಿಗೆ ಯಾಕೆ ಸಿಟ್ಟು ಬರುವುದಿಲ್ಲವೋ ಕಾಣೆ. ತಾವು ಹುಟ್ಟಿ ಬೆಳೆದ, ಮೆಣಸಿನಕಾಯಿ ಮಂಡಕ್ಕಿ ತಿಂದ ಊರನ್ನು ಬೆಂಗಳೂರಿನವರು ಶಿಕ್ಷೆಯ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಜೀವವಿರುವ ಕೈದಿಯನ್ನು ಜೈಲಿನಿಂದ ಕರೆತರಲು ಕೋರ್ಟು ಕೊಡುವ ಕಾಗದಕ್ಕೆ ನಮ್ಮ ಪೊಲೀಸರು ಇಟ್ಟಿರುವ ಹೆಸರು ಬಾಡಿ ವಾರಂಟ್. ಮೊದಲು ಸಿಆರ್‌ಪಿಸಿ 267ನೇ ಕಲಮಿನಡಿ ಕೊಡುತ್ತಿದ್ದರು. 2024ರ ಜುಲೈನಲ್ಲಿ ಹೊಸ ಕಾನೂನು ಬಂತು, ಕಲಮಿನ ನಂಬರೂ ಬದಲಾಯಿತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 302. ಇಷ್ಟು ದಿನ ಕೊಲೆಗೆ ಇದ್ದ ನಂಬರು! ಬೇಕೆಂದು ಕೊಟ್ಟದ್ದಲ್ಲ ಬಿಡಿ. ಆದರೂ ಯಾರೋ ಒಬ್ಬ ಗುಮಾಸ್ತ ಕಿಸಕ್ಕನೆ ನಕ್ಕಿರಬೇಕು.

ಉತ್ತರ ಪ್ರದೇಶದವರು ಆ 'ಬಾಡಿ' ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡ ಹಾಗಿದೆ. 2020ರಲ್ಲಿ ರೌಡಿ ವಿಕಾಸ್ ದುಬೆಯನ್ನು ಉಜ್ಜಯಿನಿಯಿಂದ ತಂದರು. ಕಾನ್ಪುರ ಇನ್ನೇನು ಬಂತು ಅನ್ನುವಾಗ ಗಾಡಿ ಪಲ್ಟಿ. ಆತ ಪಿಸ್ತೂಲು ಕಿತ್ತುಕೊಂಡು ಓಡಿದ, ಗುಂಡು ಹೊಡೆದೆವು, ಸತ್ತ ಎಂದರು. 2023ರ ಮಾರ್ಚಿನಲ್ಲಿ ರೌಡಿ, ಮಾಜಿ ಸಂಸದ ಅತೀಕ್ ಅಹ್ಮದ್‌ನನ್ನು ಗುಜರಾತಿನ ಸಾಬರಮತಿ ಜೈಲಿನಿಂದ ಪ್ರಯಾಗ್‌ರಾಜ್‌ಗೆ ತಂದಾಗ ಸಾವಿರದ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿಯುದ್ದಕ್ಕೂ ಟೀವಿ ಗಾಡಿಗಳು ಹಿಂಬಾಲಿಸಿದವು. ಆತ ಉಚ್ಚೆ ಹೊಯ್ಯಲು ಇಳಿದದ್ದನ್ನೂ ದೇಶ ಲೈವ್ ನೋಡಿತು. ನನ್ನನ್ನು ಕೊಲ್ಲುತ್ತಾರೆ ಎಂದು ಸುಪ್ರೀಂ ಕೋರ್ಟಿಗೆ ಹೋದರೆ ಹೈಕೋರ್ಟಿಗೆ ಹೋಗು ಅಂದರು. ಏಪ್ರಿಲ್ 15ರ ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವಾಗ ಸುತ್ತ ಪೊಲೀಸರು, ಎದುರಿಗೆ ಮೈಕು. ಪತ್ರಕರ್ತರ ವೇಷದಲ್ಲಿ ಬಂದವರು ಆತನನ್ನೂ ಜೊತೆಗಿದ್ದ ತಮ್ಮನನ್ನೂ ಕೊಂದರು. ಅದೂ ಲೈವ್.

ನಮ್ಮವರು ಅಷ್ಟು ಒರಟರಲ್ಲ, ಮೊಣಕಾಲಿನ ಕೆಳಗೇ ನಿಲ್ಲುತ್ತಾರೆ. 'ಸ್ಥಳ ಮಹಜರಿಗೆ ಕರೆದೊಯ್ಯುವಾಗ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು.' ಈ ಸುದ್ದಿಯನ್ನು ಪತ್ರಿಕೆಯವರು ಅಚ್ಚು ಮಾಡಿ ಇಟ್ಟುಕೊಂಡಿರುತ್ತಾರೆ, ಊರಿನ ಹೆಸರು ತುಂಬಿದರೆ ಮುಗಿಯಿತು. ಕಾನ್‌ಸ್ಟೆಬಲ್‌ ಒಬ್ಬರ ಕೈಗೆ ಸಣ್ಣ ಗಾಯ, ಅದೂ ಅಚ್ಚಿನಲ್ಲೇ ಇದೆ.

ಸಾಕು, ನಗು ಬರುತ್ತಿಲ್ಲ. ಕೊಲೆ ಮಾಡಿದವನಿರಲಿ, ಜೇಬು ಕತ್ತರಿಸಿದವನಿರಲಿ, ಹತ್ತಿಸಿಕೊಂಡವನನ್ನು ಹತ್ತಿಸಿಕೊಂಡ ಹಾಗೇ ಇಳಿಸಬೇಕು. ಇರುವುದೇ ಅಷ್ಟು ಕೆಲಸ. ಹಾಲಿನ ವ್ಯಾನಿನವನು ದಿನಾ ಬೆಳಗಿನ ಜಾವ ಪ್ಯಾಕೆಟ್ ಒಡೆಯದೆ ಮಾಡುತ್ತಾನೆ. ಸ್ಟಾರ್ ಇದ್ದರೆ ಜೀಪಿನ ಹಿಂದೆ ಜೀಪು ಬರುತ್ತದೆ. ಹೆಸರಿಲ್ಲದವನಾದರೆ ಡಿಎಆರ್‌ನಲ್ಲಿ, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ, ಬೆಂಗಾವಲಿಗೆ ಸಿಬ್ಬಂದಿಯೇ ಇರುವುದಿಲ್ಲ. ಆತನ ವಾಯಿದೆ ಮುಂದಕ್ಕೆ ಹೋಗುತ್ತದೆ, ಅದರ ಜೊತೆ ಆಯುಸ್ಸೂ.

ಮೊನ್ನೆ ಒಂದು ತಾಲೂಕು ಕೋರ್ಟಿನ ಜಗಲಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಸೆರಗಿನಡಿ ಸ್ಟೀಲ್ ಡಬ್ಬಿ, ಒಳಗಿನ ಚಿತ್ರಾನ್ನದ ವಾಸನೆ. ಮಗನ ವಾಯಿದೆಯಂತೆ. ನಾಲ್ಕು ಗಂಟೆಗೆ ಪೇದೆಯೊಬ್ಬರು ಬಂದು, "ಎಸ್ಕಾರ್ಟ್ ಇಲ್ಲ ಕಣಮ್ಮ, ಬೇರೆ ಡೇಟ್ ಕೊಟ್ಟವ್ರೆ" ಅಂದರು.

ಅಜ್ಜಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಕೇಳಿದಳು: "ಹೋದ್ ಸಲಾನೂ ಅವ್ರೇ ಬಂದಿರ್ಲಿಲ್ಲ. ಮೈಗೆ ಹುಷಾರಿಲ್ವಾ ಸ್ವಾಮಿ ಅವ್ರಿಗೆ?"