ಗಾಡಿ ಕುಣಿಯೋದು ಬೇರೆ, ಕುಕ್ಕೋದು ಬೇರೆ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಇಳಿಸಿ, ಖಾಲಿ ಪಿಕಪ್ಪಿನಲ್ಲಿ ಜಗಳೂರು ಕಡೆ ವಾಪಸ್ ಹೋಗೋರ ಮೊದಲ ದೂರು ಸೊಂಟದ್ದು. ಎರಡನೇ ಮಾತು, 'ಹೆವಿ ಡ್ಯೂಟಿ ಗ್ಯಾಸ್ ಶಾಕಬ್ಸರ್ ಹಾಕಿಸಿಬಿಡ್ತೀನಿ'. ಹಾಕಿಸಿ, ಬೇಡ ಅನ್ನಲ್ಲ. ಆದರೆ ಕಾಯಿಲೆ ಯಾವುದು ಅಂತ ಊರ ಹಂಪೇ ಪುಕ್ಕಟೆ ಹೇಳುತ್ತೆ, ಮೊದಲು ಅದನ್ನು ಕೇಳಿ.

20 ಕಿ.ಮೀ. ವೇಗದಲ್ಲಿ ಹಂಪ್ ದಾಟಿಸಿ. ಹಿಂದಿನ ಚಕ್ರ ಇಳಿದ ಮೇಲೂ ಬಾಡಿ ಎರಡು ಮೂರು ಸಲ ತೂಗಾಡಿದರೆ ಅದು ಕುಣಿತ, ಶಾಕ್ ಸತ್ತಿದೆ. ಒಂದೇ ಸಲ 'ಧಡ್' ಅಂತ ಬೆನ್ನಿಗೆ ಹೊಡೆದು ಅಲ್ಲಿಗೇ ನಿಂತರೆ ಅದು ಕುಕ್ಕೋದು. ಕುಕ್ಕೋ ಗಾಡಿಗೆ ಎಂಥ ದುಬಾರಿ ಶಾಕ್ ಹಾಕಿದರೂ ಸೊಂಟ ಉಳಿಯಲ್ಲ.

ಯಾಕಂದ್ರೆ ಭಾರ ಹೊರೋದು ಒಂದರ ಮೇಲೊಂದು ಪ್ಲೇಟ್ ಕಟ್ಟಿದ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್), ಶಾಕ್ ಅಲ್ಲ. ಪಟ್ಟಿ ಬಗ್ಗಿ ಎದ್ದು ಮತ್ತೆ ಬಗ್ಗೋದಕ್ಕೆ ಬ್ರೇಕ್ ಹಾಕೋದಷ್ಟೇ ಶಾಕ್ ಕೆಲಸ. 1.7 ಟನ್ ಹೊರೋಕೆ ಅಂತ ಕಟ್ಟಿದ ಪಟ್ಟಿಯ ಮೇಲೆ ಬರೀ ಖಾಲಿ ಟ್ರೇ ಕೂತಿದ್ದರೆ ಅದು ಬಗ್ಗೋದೇ ಇಲ್ಲ. ಅಂಥ ಗಾಡಿಗೆ ಇನ್ನೂ ಬಿಗಿ ಶಾಕ್ ಹಾಕಿದರೆ, ಬಗ್ಗೋ ಚೂರುಪಾರನ್ನೂ ತಡೆದ ಹಾಗೆ. ಖಾಲಿ ಓಡಾಟ ಮೊದಲಿಗಿಂತ ಕೆಡುತ್ತೆ. ಲೋಡಿಗೆ ಒಗ್ಗೋ ಶಾಕ್ ಖಾಲಿಗೆ ಬಿಗಿ, ಖಾಲಿಗೆ ಒಗ್ಗೋದು ಲೋಡಿಗೆ ಸಡಿಲ. ಕಂಪನಿ ಕೊಟ್ಟಿರೋದು ಎರಡರ ನಡುವಿನ ರಾಜಿ. (ಟ್ರೇನಲ್ಲಿ ನಾಲ್ಕು ಮರಳು ಚೀಲ ಹಾಕ್ಕೊಂಡು ತಿರುಗೋರನ್ನ ನೋಡಿ ನಗಬೇಡಿ, ಅದು ನಿಜವಾಗಿ ಕೆಲಸ ಮಾಡುತ್ತೆ. ಡೀಸೆಲ್ ಮಾತ್ರ ಅವರದ್ದೇ.)

ಕುಕ್ಕೋ ಗಾಡಿಗೆ ಮೊದಲು ಗಾಳಿ ನೋಡಿ. ಫುಲ್ ಲೋಡಿಗೆ ಹಿಡಿಸಿದ ಗಾಳಿಯಲ್ಲೇ ವಾರವಿಡೀ ಖಾಲಿ ಓಡಿಸೋದು ನಮ್ಮ ಕಡೆ ಮಾಮೂಲು. ಮ್ಯಾನುಯಲ್‌ನಲ್ಲಿ ಖಾಲಿಗೆ ಬೇರೆ ಅಳತೆ ಕೊಟ್ಟಿದ್ದರೆ ಅಷ್ಟಕ್ಕೆ ಇಳಿಸಿ, ಲೋಡ್ ಮಾಡೋ ಮೊದಲು ಮತ್ತೆ ಏರಿಸಿ. ಆಮೇಲೆ ಪಟ್ಟಿ. ಪ್ಲೇಟುಗಳ ನಡುವೆ ತುಕ್ಕು, ಗಣಿ ಧೂಳು ಕೂತರೆ ಅವು ಒಂದರ ಮೇಲೊಂದು ಜಾರಲ್ಲ, ಇಡೀ ಕಟ್ಟು ಒಂದೇ ಕಬ್ಬಿಣದ ದಿಮ್ಮಿ ಆಗುತ್ತೆ. ಸಣ್ಣ ಸಣ್ಣ ಜಲ್ಲಿಯ ಪೆಟ್ಟು ನೇರ ಸೀಟಿಗೆ ಬರೋದು ಇದರಿಂದಲೇ. ಪಟ್ಟಿ ಬಿಚ್ಚಿಸಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ ಕಟ್ಟಿಸಿದರೆ ಗಾಡಿಯ ನಡೆಯೇ ಬದಲಾಗುತ್ತೆ. ಹಳೇ ಇಂಜಿನ್ ಆಯಿಲ್ ಸುರಿಯೋದು ಮಾತ್ರ ಬೇಡ, ಧೂಳು ಹಿಡಿದು ಅರೆಯೋ ಪೇಸ್ಟ್ ಆಗುತ್ತೆ. ಹಾಗೇ ಪಟ್ಟಿಯ ತುದಿಯನ್ನ ಚಾಸಿಗೆ ಸೇರಿಸೋ ಕೊಂಡಿಯ, ಅಂದ್ರೆ ಶಾಕಲ್ಲಿನ, ಬುಷ್ ತಿಂದುಹೋಗಿದೆಯಾ ಅಂತಲೂ ನೋಡಿಬಿಡಿ.

ಇನ್ನು ಕುಣಿಯೋ ಗಾಡಿ. ಕಾರಿನ ಹಾಗೆ ಬಂಪರ್ ಒತ್ತಿ ನೋಡೋದು ಇಲ್ಲಿ ನಡೆಯಲ್ಲ, ಪಟ್ಟಿಯ ತಿಕ್ಕಾಟವೇ ಕುಣಿತ ನಿಲ್ಲಿಸಿಬಿಡುತ್ತೆ. ಗುಂಡಿ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಸೈಲೆನ್ಸರ್ ತಾಗದ ಹಾಗೆ ಒಂದೊಂದೇ ಶಾಕ್ ಹುಷಾರಾಗಿ ಮುಟ್ಟಿ. ಕುಣಿತವನ್ನ ಬಿಸಿಯಾಗಿಸಿ ಹೊರಗೆ ಬಿಡೋದೇ ಶಾಕ್ ಕಸುಬು, ಅದಕ್ಕೆ ದುಡಿಯೋ ಶಾಕ್ ಬೆಚ್ಚಗಿರುತ್ತೆ. ಜೊತೆಯದು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಆ ತಣ್ಣಗಿರೋದೇ ಕಳ್ಳ. ರಾಡಿನ ಬುಡದಲ್ಲಿ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಚಿಂತೆ ಇಲ್ಲ, ಕೆಳಗಡೆ ಬೋಲ್ಟ್ ಕೂರೋ ಕಣ್ಣಿನ ತನಕ ಸೋರಿದ್ದರೆ ಸೀಲ್ ಹೋಗಿದೆ. ಟೈರ್ ಮೇಲೆ ಅಂಗೈ ಸವರಿ, ಅಲೆ ಅಲೆಯಾಗಿ ಸವೆದಿದ್ದರೂ ಅನುಮಾನ ಶಾಕ್ ಮೇಲೇ.

ಹಾಗಾದ್ರೆ ಅಪ್‌ಗ್ರೇಡ್ ಯಾರಿಗೆ? ದಿನಾ ಲೋಡಿನಲ್ಲೇ ಓಡೋರಿಗೆ. ಚಳ್ಳಕೆರೆ ಈರುಳ್ಳಿ ಹೇರಿಕೊಂಡು ಹೆದ್ದಾರಿ 48 ಹತ್ತೋರಿಗೆ, ಮಂಡಕ್ಕಿ ಚೀಲ ಆಳೆತ್ತರ ಕಟ್ಟೋರಿಗೆ. ಲೇನ್ ಬದಲಿಸುವಾಗ ವಾಲೋದು, ಬ್ರೇಕಿಗೆ ಮೂತಿ ಕುಕ್ಕೋದು ಕಡಿಮೆಯಾಗುತ್ತೆ. ಗ್ಯಾಸ್ ಶಾಕಿನ ನಿಜವಾದ ಲಾಭ ಇನ್ನೊಂದಿದೆ. ಕೆಟ್ಟ ರಸ್ತೆಯಲ್ಲಿ ಬಿಡದೆ ಓಡಿಸಿದರೆ ಒಳಗಿನ ಎಣ್ಣೆ ಕಾದು, ಗಾಳಿ ಬೆರೆತು ನೊರೆ ಬರುತ್ತೆ, ನೊರೆಯಲ್ಲಿ ಪಿಸ್ಟನ್ನಿಗೆ ತಡೆ ಸಿಗಲ್ಲ. ಒಳಗಿನ ನೈಟ್ರೋಜನ್ ಒತ್ತಡ ಆ ನೊರೆಯನ್ನ ಅದುಮಿ ಹಿಡಿಯುತ್ತೆ. ಅದರಲ್ಲೂ ಒಂದೇ ಕೊಳವೆಯ ಮೋನೋಟ್ಯೂಬ್ ಬೇಗ ತಣಿಯುತ್ತೆ. ಆದರೆ ಅದರ ಪಿಸ್ಟನ್ ಹೊರಗಿನ ಕೊಳವೆಗೇ ತಾಗಿ ಓಡೋದ್ರಿಂದ, ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿ ರಸ್ತೆಯಲ್ಲಿ ಒಂದು ಕಲ್ಲು ಹಾರಿ ಆಳವಾಗಿ ನೆಗ್ಗಿಸಿದರೆ ಮುಗಿಯಿತು. ಅಲ್ಲಿ ಓಡಿಸೋರಿಗೆ ಕೊಳವೆಯೊಳಗೆ ಇನ್ನೊಂದು ಕೊಳವೆ ಇರೋ, ಗ್ಯಾಸ್ ತುಂಬಿದ ಟ್ವಿನ್ ಟ್ಯೂಬೇ ವಾಸಿ.

ಎರಡು ಪ್ಲೇಟ್ ಜಾಸ್ತಿ ಕಟ್ಟಿಸಿದ ಗಾಡಿಗೆ ಇನ್ನೊಂದು ತಾಪತ್ರಯ. ಹಿಂಭಾಗ ಎತ್ತರವಾಗಿ ಹಳೇ ಅಳತೆಯ ಶಾಕ್ ನಿಂತಲ್ಲೇ ಮುಕ್ಕಾಲು ಪಾಲು ಎಳೆದುಕೊಂಡಿರುತ್ತೆ. ಪ್ರತಿ ಗುಂಡಿಗೂ ಕೊನೆ ಮುಟ್ಟಿ ಜಗ್ಗುತ್ತೆ. ಬುಷ್ ಹರಿಯುತ್ತೆ, ಆಮೇಲೆ ಬ್ರಾಕೆಟ್ಟೇ ಬಿರುಕು ಬಿಡುತ್ತೆ. ಅಂಥೋರು ಹೊಸದು ಕೊಳ್ಳುವಾಗ ಪೂರ್ತಿ ಎಳೆದ ಉದ್ದ, ಪೂರ್ತಿ ಒತ್ತಿದ ಉದ್ದ, ಬೋಲ್ಟ್ ತೂತಿನ ಅಳತೆ ಮೂರನ್ನೂ ಟೇಪ್ ಹಿಡಿದು ನೋಡಿ.

ಹಾಕುವಾಗ ಎಡಬಲ ಜೋಡಿಯಾಗೇ ಬದಲಿಸಿ. ಹಿಂದಿನ ರಾತ್ರಿಯೇ ನಟ್ಟಿಗೆ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇರಲಿ, ಇಲ್ಲದಿದ್ರೆ ಅದು ಜೋತುಬಿದ್ದು ಬ್ರೇಕ್ ಹೋಸ್ ಎಳೆಯುತ್ತೆ. ಹೊಸ ಟ್ವಿನ್ ಟ್ಯೂಬನ್ನ ನೆಟ್ಟಗೆ ಹಿಡಿದು ಪೂರ್ತಿ ಎಳೆದು, ತಲೆಕೆಳಗು ಮಾಡಿ ಒತ್ತಿ. ಹೀಗೆ ನಾಲ್ಕು ಸಲ ಮಾಡಿದರೆ ಮಲಗಿಸಿಟ್ಟಾಗ ಸೇರಿದ ಗಾಳಿ ಹೋಗುತ್ತೆ. ರಾಡ್ ತಿರುಗುತ್ತೆ ಅಂತ ಅದರ ಹೊಳೆಯೋ ಭಾಗಕ್ಕೆ ಇಕ್ಕಳ ಹಾಕೋ ಹುಡುಗನ ಕೈ ಹಿಡಿದುಕೊಳ್ಳಿ, ಒಂದು ಗೀರು ಸಾಕು ಸೀಲ್ ಕೊಯ್ಯೋಕೆ.

ಕೊನೇ ಬಿಗಿ ಚಕ್ರ ನೆಲಕ್ಕೂರಿದ ಮೇಲೆಯೇ. ಜಾಕ್ ಮೇಲಿದ್ದಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಕೂರುತ್ತೆ, ಬೇಗ ಕಿತ್ತುಹೋಗುತ್ತೆ. ಪಟ್ಟಿಯನ್ನೂ ಬಿಚ್ಚಿಸಿದ್ದರೆ 500 ಕಿ.ಮೀ. ಆದಮೇಲೆ ಪಟ್ಟಿಯನ್ನ ಆಕ್ಸಲ್ಲಿಗೆ ಕಟ್ಟಿ ಹಿಡಿಯೋ ಯು-ಬೋಲ್ಟ್ ಮತ್ತೆ ಬಿಗಿಸಿ. ಅದು ಸಡಿಲಾಗಿ, ಪ್ಲೇಟುಗಳನ್ನ ನಡುವೆ ಪೋಣಿಸಿರೋ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ಲೇ ಹಿಂದೆ ಸರಿದು ಗಾಡಿ ಅಡ್ಡಡ್ಡ ಓಡುತ್ತೆ.